ಟವೆಲ್ ಸುತ್ತಿದ ಕ್ಯಾಮೆರಾ, ಜುಲಿ ಆಂಟಿಯ ಸವಾರಿ

ಕ್ಯಾಮೆರಾಕ್ಕೆ ಸ್ನಾನದ ಟವೆಲ್ ಸುತ್ತಿದವರನ್ನು ನೀವು ನೋಡಿದ್ದೀರಾ? ಕಳೆದ ಶುಕ್ರವಾರ ನಾನು ಸುತ್ತಿದೆ. ಒಂದಲ್ಲ, ಎರಡು.

ಕಾರಣ ಸೈಕಲ್ಲು. ನಾನೊಂದು ಮಡಚುವ ಸೈಕಲ್ ಕೊಂಡದ್ದು ಈ ಅಂಕಣದ ಓದುಗರಿಗೆಲ್ಲ ಗೊತ್ತು. (ಫೇಸ್‌ಬುಕ್‌ನಲ್ಲಿ ನಕ್ಕವರ ಹೆಸರುಗಳೂ ನನಗೆ ನೆನಪಿವೆ.) ಅಬುಧಾಬಿಯಲ್ಲಿ ಒಂದು ಪ್ಯಾಕೆಟ್ ಹಾಲು ತರಲೂ ಜನ ಕಾರು ತೆಗೆಯುತ್ತಾರೆ. ಅಂಥ ಊರಲ್ಲಿ ಸೈಕಲ್ ತುಳಿಯುವವನಿಗೆ ಸ್ವಲ್ಪ ಜಂಬ ಬಂದರೆ ತಪ್ಪೇ?

ಆಫೀಸಿನ ಗೆಳೆಯ ಲ್ಯಾನ್ಸಿ ಮೂಡುಬಿದಿರೆ ಕಡೆಯವನು. ಅವನ ತಂದೆ ತಾಯಿ, ಅಂದರೆ ಪೀಟರ್ ಅಂಕಲ್ ಮತ್ತು ಜುಲಿ ಆಂಟಿ, ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರ ಮದುವೆಯಾಗಿ ಐವತ್ತು ವರ್ಷ. ಶುಕ್ರವಾರ ಸಂಜೆಯೇ ಊರಿಗೆ ವಿಮಾನ.

"ಹೋಗುವ ಮೊದಲು ಒಂದು ಸರಿಯಾದ ಫೋಟೊ ತೆಗ್ದು ಕೊಡು ಮಾರಾಯ," ಅಂದ ಲ್ಯಾನ್ಸಿ. "ಅವರಿಬ್ರದ್ದೇ ಅಂತ ಇರುವುದು ಮದುವೆಯ ಫೋಟೊ ಮಾತ್ರ. ಅದ್ರಲ್ಲಿ ಯಾರೋ ಬೈದ ಹಾಗೆ ನಿಂತಿದ್ದಾರೆ."

ಬೆಳಿಗ್ಗೆ ಬೇಗ, ಕಡಲಂಚಿನ ಕಾಲುದಾರಿಯಾದ ಕಾರ್ನಿಶ್‌ನಲ್ಲಿ, ಸಮುದ್ರದ ಎದುರು ಎಂದು ತೀರ್ಮಾನವಾಯಿತು. ಅವನು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಕುಟುಂಬ ಸಮೇತ ಕಾರಿನಲ್ಲಿ ಬರುವುದು. ನಾನು ಖಾಲಿದಿಯಾದಿಂದ ಸೈಕಲ್ಲಿನಲ್ಲಿ.

"ಟ್ಯಾಕ್ಸೀಲಿ ಹೋಗಿ," ಅಂದಳು ನನ್ನ ಹೆಂಡತಿ ಶೈಲಾ. "ಅಷ್ಟೊಂದು ಸಾಮಾನು ಹೊತ್ಕೊಂಡು ಬಿದ್ರೆ?"

"ನಾನು ಬೀಳಲ್ಲ."

"ನಿಮ್ಮ ಬಗ್ಗೆ ಅಲ್ಲ, ಕ್ಯಾಮೆರಾ ಬಗ್ಗೆ ಹೇಳಿದ್ದು."

ಆ ಮಾತು ತಾಗಿತು. ಟವೆಲ್ ಬಂದದ್ದು ಆಗ. ಕ್ಯಾಮೆರಾಕ್ಕೊಂದು, ಲೆನ್ಸ್‌ಗಳಿಗೊಂದು. ಎಲ್ಲವನ್ನೂ ಬೆನ್ನಿನ ಚೀಲಕ್ಕೆ ತುರುಕಿದೆ. ಟ್ರೈಪಾಡ್ ಮಾತ್ರ ಒಳಗೆ ಹಿಡಿಯಲಿಲ್ಲ. ಕ್ಯಾರಿಯರ್ ಮೇಲೆ ಉದ್ದಕ್ಕೆ ಕಟ್ಟಿದರೆ ಹಿಮ್ಮಡಿಗೆ ಬಡಿಯುತ್ತದೆ. ಅಡ್ಡಕ್ಕೆ ಕಟ್ಟಿದೆ. ಈಗ ಸೈಕಲ್ಲಿಗೆ ಎರಡೂ ಕಡೆ ರೆಕ್ಕೆ. ವಾಕಿಂಗ್ ಬಂದವರು ದೂರದಿಂದಲೇ ಬದಿಗೆ ಸರಿಯತೊಡಗಿದರು. ಒಬ್ಬ ಸೆಕ್ಯುರಿಟಿ ಗಾರ್ಡ್ ಕೈ ಅಡ್ಡ ಹಿಡಿದು ಬಹಳ ಮರ್ಯಾದೆಯಿಂದ ಕೇಳಿದ, "ಭಾಯಿ, ಪ್ಲಂಬರ್ ಹೋ?"

ಬೀಳದೆ ತಲುಪಿದೆ. ಲ್ಯಾನ್ಸಿಯ ಕುಟುಂಬ ಆಗಲೇ ಬಂದು ನಿಂತಿತ್ತು. ಜುಲಿ ಆಂಟಿಗೆ ಸೊಸೆ ಹೊಸ ಚೂಡಿದಾರ್ ತೊಡಿಸಿದ್ದಳು, ಮೇಲೆ ಹಳದಿ ದುಪ್ಪಟ್ಟಾ. "ಪ್ರೊಫೆಷನಲ್ ಬರ್ತಾ ಉಂಟು, ಯಾರೂ ಮಧ್ಯೆ ಮೊಬೈಲ್ ಹಿಡೀಬಾರ್ದು" ಎಂದು ಲ್ಯಾನ್ಸಿ ಎಲ್ಲರ ಫೋನುಗಳನ್ನೂ ಕಾರಿನಲ್ಲೇ ಇರಿಸಿದ್ದ. ನನ್ನದನ್ನು ಟವೆಲ್ ಗಡಿಬಿಡಿಯಲ್ಲಿ ಮನೆಯಲ್ಲೇ ಮರೆತಿದ್ದೆ. ನಾನು ಗತ್ತಿನಿಂದ ಟವೆಲ್ ಬಿಚ್ಚಿದೆ.

ಲೆನ್ಸ್ ಬೆಳ್ಳಗಾಯಿತು.

ಇಲ್ಲಿನವರಿಗೆ ಇದು ಗೊತ್ತು. ಎಸಿಯಲ್ಲಿದ್ದ ಗಾಜು ಹೊರಗಿನ ಸೆಕೆಗೆ ಬಂದರೆ ಮಂಜು ಹಿಡಿಯುತ್ತದೆ. ಒರೆಸಿದರೆ ಮತ್ತೆ ಹಿಡಿಯುತ್ತದೆ. ಕಾಯುವುದೊಂದೇ ದಾರಿ. ದಾರಿಯುದ್ದಕ್ಕೂ ಗಾಳಿಯಾಡಿದ್ದರೆ ಸರಿಹೋಗುತ್ತಿತ್ತೇನೋ. ನಾನು ಟವೆಲ್ ಸುತ್ತಿ ಮನೆಯ ತಂಪನ್ನು ಸಮುದ್ರದ ತನಕ ಜೋಪಾನವಾಗಿ ತಂದಿದ್ದೆ.

"ಸ್ವಲ್ಪ ಹೊತ್ತು ಅಷ್ಟೆ," ಅಂದೆ. ಲ್ಯಾನ್ಸಿ ಗಡಿಯಾರ ನೋಡಿಕೊಂಡ. ಜುಲಿ ಆಂಟಿ ಮಾತ್ರ ನನ್ನ ಸೈಕಲ್ ಹತ್ತಿರ ಬಂದು ಬೆಲ್ ಬಾರಿಸಿದರು.

"ಇದಕ್ಕೆ ಬ್ರೇಕ್ ಎಲ್ಲುಂಟು?"

ತೋರಿಸಿದೆ. ಆಂಟಿ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದರು. ಟ್ರೈಪಾಡ್ ಬಿಚ್ಚಿ ಮಗನ ಕೈಗೆ ಕೊಟ್ಟರು. ಹತ್ತಿ ಕೂತರು. ಹೊರಟೇಬಿಟ್ಟರು.

"ಮಮ್ಮಾ, ಎಂತ ಮಾಡ್ತೀರಿ?" ಲ್ಯಾನ್ಸಿ ಟ್ರೈಪಾಡ್ ಹಿಡಿದುಕೊಂಡೇ ಹಿಂದೆ ಓಡಿದ. ಅವನ ಮಗಳು ನನ್ನ ಮುಖ ನೋಡಿ, "ಅಂಕಲ್, ಸಿನ್ಸ್ ವೆನ್?" ಅಂದಳು. ನನಗೇನು ಗೊತ್ತು?

ಮೊದಲು ಹ್ಯಾಂಡಲ್ ಅತ್ತಿತ್ತ ಆಡಿತು. ಆಮೇಲೆ ಆಂಟಿ ನೆಟ್ಟಗಾದರು. ಬೆನ್ನು ಸೆಟೆಸಿ, ಗಲ್ಲ ಎತ್ತಿ, ತಾಳೆಮರಗಳ ಸಾಲಿನ ಪಕ್ಕ ಹೋದರು, ತಿರುವಿನಲ್ಲಿ ತಿರುಗಿಸಿಕೊಂಡು ಬಂದರು. ನಾನು ಕ್ಯಾಮೆರಾ ಎತ್ತಿದೆ. ಹಾಲಿನಲ್ಲಿ ಒಂದು ಹಳದಿ ಚುಕ್ಕೆ ಚಲಿಸುವುದು ಕಂಡಿತು. ಅಷ್ಟೇ. ಬೆನ್ನ ಮೇಲೆ ಒಂದು ಸಂಸಾರದಷ್ಟು ಸಾಮಾನು ಹೊತ್ತು ತಂದವನ ಕೈಗೆ ಸಿಕ್ಕಿದ್ದು ಒಂದು ಚುಕ್ಕೆ.

ಆಂಟಿ ಕಾಲು ಊರಿ ನಿಲ್ಲಿಸಿದರು. ಪೀಟರ್ ಅಂಕಲ್ ನಿಂತಲ್ಲೇ ಇದ್ದರು. ಅವರಿಬ್ಬರ ಮಾತು ಕೊಂಕಣಿಯಲ್ಲಿ ನಡೆಯಿತು. ನನಗೆ ಅರ್ಥವಾದಷ್ಟು ಹೇಳುತ್ತೇನೆ.

"ಜುಲಿ, ನಿನಗೆ ಸೈಕಲ್ ಬರ್ತದಾ?"

"ಅಣ್ಣನ ಸೈಕಲ್ಲಲ್ಲಿ ಕಲ್ತದ್ದು. ಇಗರ್ಜಿಗೆ ಹಾಡ್ಲಿಕ್ಕೆ ಅದ್ರಲ್ಲೇ ಹೋಗ್ತಿದ್ದೆ."

"ಐವತ್ತು ವರ್ಷ ಒಮ್ಮೆಯೂ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

"ನೀನಾಗಿ ಹೇಳ್ಬಹುದಿತ್ತಲ್ಲ?"

"ಹೇಳಿ ಎಂತ ಮಾಡುದು? ನಿಮ್ಮ ಮನೇಲಿ ಸೈಕಲ್ ಎಲ್ಲಿತ್ತು?"

ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಮೆಲ್ಲನೆ, "ಇನ್ನೊಮ್ಮೆ ಹೋಗು. ನಾನು ಸರಿಯಾಗಿ ನೋಡ್ಲಿಲ್ಲ," ಅಂದರು.

ಅಷ್ಟರಲ್ಲಿ ಲೆನ್ಸ್ ತಿಳಿಯಾಗಿತ್ತು. ನಾನು ಮಂಡಿಯೂರಿ, ಉಸಿರು ಹಿಡಿದು, ಸಿದ್ಧನಾದೆ.

"ಖಲಾಸ್," ಅಂದರು ಆಂಟಿ. "ಮಂಡಿ ನೋಯ್ತದೆ."

ಫೋಟೊಗಳೇನೋ ಚೆನ್ನಾಗಿ ಬಂದವು. ಹಿಂದೆ ನೀಲಿ ಸಮುದ್ರ, ಮುಂದೆ ದಂಪತಿ. ಒಂದೇ ತೊಂದರೆ, ಯಾವುದರಲ್ಲೂ ಅಂಕಲ್ ಕ್ಯಾಮೆರಾ ನೋಡುತ್ತಿಲ್ಲ. "ಅಂಕಲ್, ಈ ಕಡೆ" ಎಂದು ಎಷ್ಟು ಕರೆದರೂ ಅವರ ಕಣ್ಣು ಪಕ್ಕಕ್ಕೇ ಹೋಗುತ್ತಿತ್ತು, ಅಲ್ಲಿ ಯಾರೋ ಹೊಸಬರು ಬಂದು ನಿಂತ ಹಾಗೆ. ಕ್ಷಮೆ ಕೇಳಿಯೇ ಕಳಿಸಿದೆ. ಲ್ಯಾನ್ಸಿ ದೊಡ್ಡದು ಮಾಡಿಸಲು ಆರಿಸಿದ್ದು ಆಂಟಿ ನಮ್ಮನ್ನೂ, ಅಂಕಲ್ ಮಾತ್ರ ಆಂಟಿಯನ್ನೂ ನೋಡುತ್ತಿರುವ ಒಂದನ್ನು.

ಮನೆಗೆ ಬಂದು ಸಾಮಾನು ಇಳಿಸಿದೆ. ಶೈಲಾ ಅಡುಗೆಮನೆಯಲ್ಲಿದ್ದಳು. ಬಾಗಿಲಲ್ಲಿ ನಿಂತು ಕೇಳಿದೆ, "ನಿನಗೆ ಬರುವಂಥದ್ದು, ನನಗೆ ಗೊತ್ತಿಲ್ಲದ್ದು, ಏನಾದರೂ ಇದೆಯಾ?"

ಅವಳು ಗ್ಯಾಸ್ ಆರಿಸಿ, ಕುರ್ಚಿಯೊಂದನ್ನು ನನ್ನ ಕಡೆ ಎಳೆದಳು. "ಕೂತ್ಕೊಳ್ಳಿ. ಸ್ವಲ್ಪ ಹೊತ್ತು ಹಿಡಿಯುತ್ತೆ."