ಎಡಗಡೆಯ ಸೀಟಿನ ತಲೆನೋವು

ಇದು ಹೋದ ವರ್ಷದ ಬೇಸಿಗೆಯಲ್ಲಿ ನಡೆದದ್ದು. ಹುಬ್ಬಳ್ಳಿಯ ಒಂದು ಕಾರು ಸರ್ವಿಸ್ ಸೆಂಟರಿನಲ್ಲಿ ಬಹಳ ವರ್ಷ ದುಡಿದ ಮೇಲೆ ನಾನು ಶಿಗ್ಗಾಂವಿಯಲ್ಲಿ ಸ್ವಂತ ವರ್ಕ್‌ಶಾಪ್ ತೆರೆದಿದ್ದೆ. ನಮ್ಮ ಊರು ದುಂಡಸಿ. ಅಪ್ಪ ಗೋವಿನಜೋಳ, ಹತ್ತಿ ಬೆಳೆಯುವ ರೈತ. ಮಗಳು ಆಟೊಮೊಬೈಲ್ ಡಿಪ್ಲೊಮಾ ಓದುತ್ತೇನೆಂದಾಗ ಅವರು ಬೇಡವೆನ್ನಲಿಲ್ಲ. ವರ್ಕ್‌ಶಾಪ್ ತೆರೆದ ದಿನ ಬುದ್ಧವಂದನೆ ಹೇಳಿ, ಮೊದಲ ಸ್ಪ್ಯಾನರನ್ನು ತಾವೇ ನನ್ನ ಕೈಗೆ ಕೊಟ್ಟಿದ್ದರು. ಹೆಂಗಸು ಗಾಡಿ ರಿಪೇರಿ ಮಾಡುವುದನ್ನು ನೋಡಲೆಂದೇ ಶುರುವಿನಲ್ಲಿ ಜನ ಬರುತ್ತಿದ್ದರು. ಈಗ ರಿಪೇರಿಗೆಂದೇ ಬರುತ್ತಾರೆ.

ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಟ್ಯಾಕ್ಸಿಗಳು, ಗೂಡ್ಸ್ ಗಾಡಿಗಳು, ಮನೆಮಂದಿಯ ಸಣ್ಣ ಕಾರುಗಳು. ಹಾಗಾಗಿ ಆ ದಿನ ಬೆಳಿಗ್ಗೆ ಹಳದಿ ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಗೇಟಿನೊಳಗೆ ಬಂದಾಗ ಮೆಕ್ಯಾನಿಕರೆಲ್ಲ ಕೆಲಸ ಬಿಟ್ಟು ಎದ್ದುನಿಂತರು. ಗಾಡಿಗೆ ಇಪ್ಪತ್ತು ವರ್ಷದ ವಯಸ್ಸು. ಎಂಜಿನ್ ಮುಂದೆ ಬಾನೆಟ್ಟಿನ ಕೆಳಗಲ್ಲ, ಸೀಟುಗಳ ಬೆನ್ನಹಿಂದೆ ಇತ್ತು. ಅದನ್ನು ನಡೆಸಿಕೊಂಡು ಬಂದವರು ಹಾನಗಲ್ಲಿನ ಹಲ್ಲಿನ ಡಾಕ್ಟರ್ ಶ್ರೀಪಾದ ಅವರು. ಅರವತ್ತು ದಾಟಿದ, ಮೆದು ಮಾತಿನ ಮನುಷ್ಯ. ಪಂಡಿತರ ಮನೆತನ ಅವರದು. ತಂದೆ, ಅಜ್ಜ ಎಲ್ಲ ಶಾಸ್ತ್ರ ಪಾಠ ಹೇಳಿದವರು. ಅಂಥ ಮನೆಯಲ್ಲಿ ಹುಟ್ಟಿದ ಇವರಿಗೆ ಚಿಕ್ಕಂದಿನಿಂದ ಇದ್ದದ್ದು ಇಂಥ ಕಾರಿನ ಹುಚ್ಚು. ಎರಡು ವರ್ಷದ ಹಿಂದೆ ಪುಣೆಯ ಕಡೆಯವರೊಬ್ಬರಿಂದ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು.

“ನೋಡ್ರಿ ಸುಜಾತಾ, ಈ ದೀಪ ಆರವಲ್ದು” ಎಂದು ಡ್ಯಾಶ್‌ಬೋರ್ಡ್ ತೋರಿಸಿದರು. ಎಂಜಿನ್ ಆಕಾರದ ಹಳದಿ ದೀಪ ಉರಿಯುತ್ತಿತ್ತು. “ಶಹರದಾಗ ತೋರ್ಸೇನಿ. ಕ್ಯಾಟಲಿಟಿಕ್ ಕನ್ವರ್ಟರ್ ಹೋಗ್ಯದ, ಹೊಸಾದು ಸಿಗಂಗಿಲ್ಲ ಅಂದ್ರು. ಬೇಕಾದ್ರ ದೀಪ ಹತ್ತಲಾರದ್ಹಂಗ ಮಾಡಿ ಕೊಡ್ತೇವಿ ಅಂದ್ರು. ಯಾಕೋ ನನ್ನ ಮನಸ್ಸು ಒಪ್ಪಲಿಲ್ಲ.”

ಹಾಗೆ ಒಪ್ಪದೆ ಬಂದದ್ದಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಹೊಗೆ ಹೋಗುವ ಪೈಪಿನಲ್ಲಿ ಕೂಡಿಸಿರುವ ಒಂದು ಡಬ್ಬಿ. ಅದರೊಳಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ರಂಧ್ರಗಳ ಸೆರಾಮಿಕ್ ಇಟ್ಟಿಗೆ ಇರುತ್ತದೆ. ಎಂಜಿನ್ನಿನಿಂದ ಬರುವ ವಿಷಾನಿಲ, ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್, ಈ ರಂಧ್ರಗಳ ಮೂಲಕ ಹಾದು ಅಪಾಯವಿಲ್ಲದ ಅನಿಲವಾಗಿ ಹೊರಗೆ ಹೋಗುತ್ತದೆ. ಡಬ್ಬಿಯ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತವೆ. ಮುಂದಿನದರ ಅಂಕಿ ಸದಾ ಏರಿಳಿಯಬೇಕು, ಹಿಂದಿನದರ ಅಂಕಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಬೇಕು. ಹಿಂದಿನದೂ ಮುಂದಿನದರ ಹಾಗೆ ಕುಣಿಯತೊಡಗಿದರೆ, ಡಬ್ಬಿ ಕೆಲಸ ಮಾಡುತ್ತಿಲ್ಲವೆಂದು ಕಾರಿನ ಕಂಪ್ಯೂಟರ್ ದೀಪ ಹಚ್ಚುತ್ತದೆ. ದೀಪ ಆರಿಸಲು ಅಡ್ಡದಾರಿಯೂ ಇದೆ. ಹಿಂದಿನ ಸೆನ್ಸರಿಗೆ ಒಂದು ಸಣ್ಣ ತುಂಡು ಪೈಪು ಸೇರಿಸಿ ಕಂಪ್ಯೂಟರಿನ ಕಣ್ಣು ಕಟ್ಟಿಬಿಟ್ಟರಾಯಿತು. ಶಹರದವರು ಹೇಳಿದ್ದು ಅದನ್ನೇ.

ಸ್ಕ್ಯಾನರ್ ಹಚ್ಚಿದೆ. ಕೋಡ್ ಪಿ ೦೪೨೦. ಕನ್ವರ್ಟರಿನ ದಕ್ಷತೆ ಕಡಿಮೆ ಎಂಬುದು ಅದರ ಅರ್ಥ. ಶಹರದವರು ಹೇಳಿದ್ದೂ ಇದನ್ನು ನೋಡಿಯೇ. ಆದರೆ ಉಳಿದ ಅಂಕಿಗಳನ್ನು ನೋಡುತ್ತ ಹೋದಂತೆ ಒಂದು ವಿಷಯ ಹೊಂದಲಿಲ್ಲ. ಮುಂದಿನ ಸೆನ್ಸರಿಗೂ ಇರಬೇಕಾದದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕಾಣುತ್ತಿತ್ತು. ಗಾಳಿ ಹೆಚ್ಚಾಗಿದೆ ಎಂದು ತಿಳಿದು ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಹೆಚ್ಚು ಸುರಿಯುತ್ತಿತ್ತು. ಬರೀ ಕನ್ವರ್ಟರ್ ಕೆಟ್ಟಿದ್ದರೆ ಹೀಗಾಗುವುದಿಲ್ಲ. ಎಲ್ಲಿಂದಲೋ ಹೊರಗಿನ ಗಾಳಿ ಪೈಪಿನೊಳಗೆ ನುಗ್ಗುತ್ತಿರಬೇಕು ಅನಿಸಿತು.

ನಾನು ಇದನ್ನು ಡಾಕ್ಟರರಿಗೆ ವಿವರಿಸುತ್ತಿದ್ದಾಗ ಗೇಟಿನಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತರು. ಹತ್ತಿ ಸೀರೆ, ಕೈಯಲ್ಲಿ ಕೊಡೆ, ಮುಖದ ತುಂಬ ಬೆವರು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದರು.

“ನೀ ಯಾಕ ಬಂದಿ?” ಎಂದು ಡಾಕ್ಟರರು ಎದ್ದರು. ಅವರು ಡಾಕ್ಟರರ ಹೆಂಡತಿ ವತ್ಸಲಾ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಗಂಡ ಎರಡು ಸೀಟಿನ ಕಾರಿನಲ್ಲಿ ಒಬ್ಬರೇ ಬಂದಿದ್ದಾರೆ, ಹೆಂಡತಿ ಅದೇ ಊರಿನಿಂದ ಬಸ್ಸಿನಲ್ಲಿ ಬಂದಿದ್ದಾರೆ. ಏನು ಕೇಳಬೇಕೋ ತಿಳಿಯದೆ ನಾನು ಕುರ್ಚಿ ಸರಿಸಿ, “ಕುಂತ್ರಿ ಅಕ್ಕಾರ” ಎಂದೆ.

“ಈ ಗಾಡಿ ಬಗ್ಗೆ ನಂದೂ ಒಂದು ಮಾತು ಅದ. ಅದಕ್ಕ ಬಂದೆ” ಎಂದರು ಅವರು.

ಡಾಕ್ಟರರು ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು. “ಈಕಿಗೆ ಈ ಗಾಡಿ ಸೇರಂಗಿಲ್ರಿ. ಕೂತ್ರ ತಲಿನೋವು ಅಂತಾಳ.”

“ಸೇರಂಗಿಲ್ಲ ಅಂತ ನಾ ಯಾವಾಗ ಅಂದೆ? ತಲಿ ನೋಯ್ತದ ಅಂದೆ.”

ನಾನು ಕೇಳಿದೆ: “ಯಾವಾಗ ನೋಯ್ತೈತ್ರಿ ಅಕ್ಕಾರ? ಕುಂತ ಕೂಡ್ಲೇನೋ, ಸ್ವಲ್ಪ ದೂರ ಹೋದ ಮ್ಯಾಲೋ?”

“ಹಂಸಭಾವಿಗೆ ಹೋಗುವಾಗ. ಅರ್ಧ ದಾರಿ ಹೋಗೂದ್ರಾಗ ಶುರು ಆಗ್ತದ, ಹೊಟ್ಟಿ ತೊಳಸ್ತದ. ಬರುವಾಗ ಏನೂ ಇರಂಗಿಲ್ಲ.”

ಹಂಸಭಾವಿಯಲ್ಲಿ ಡಾಕ್ಟರರ ಅಣ್ಣ ಗುರುರಾಜ ಆಚಾರ್ಯರ ಮನೆ ಇದೆ. ಎಂಬತ್ತರ ಹತ್ತಿರದ ಹಿರಿಯರು. ಪ್ರತಿ ಭಾನುವಾರ ದಂಪತಿ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದರು. ಈ ಮಾತು ಬಂದಕೂಡಲೇ ಡಾಕ್ಟರರ ಮುಖ ಬಿಗಿಯಿತು. “ಕೇಳಿದ್ರಲ್ಲ? ನಮ್ಮ ಅಣ್ಣನ ಮನಿಗೆ ಹೋಗುವಾಗ ತಲಿನೋವು, ಬರುವಾಗ ಆರಾಮ. ಏನು ತಿಳ್ಕೋಬೇಕು ಹೇಳ್ರಿ?”

ಆ ಮಾತು ಇಬ್ಬರ ನಡುವೆ ಮೊದಲ ಸಲ ಬಂದದ್ದಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. ವತ್ಸಲಾ ಅವರು ದನಿ ಏರಿಸಲಿಲ್ಲ. “ಹೋದ ತಿಂಗಳಿಂದ ನಾ ಬಸ್ಸಿನ್ಯಾಗ ಹೋಗ್ಲಿಕತ್ತೇನಿ. ಒಂದ್ ಸಲಾನೂ ತಲಿ ನೋವಾಗಿಲ್ಲ. ಬಸ್ಸು ಹೋಗೂದೂ ಅದಽ ಮನಿಗೇ ಅಲ್ಲಽ?”

ಹಾಗಾದರೆ ಕಾರಣ ಮನೆಯಲ್ಲ, ಗಾಡಿಯಲ್ಲೇ ಇರಬೇಕು. “ಅಕ್ಕಾರ, ಹೋಗುವಾಗ ಗ್ಲಾಸ್ ಏರಿಸಿರ್ತೀರಿ?” ಎಂದು ಕೇಳಿದೆ.

“ಹೂಂ. ಬಿಸಲು ಅಂತ ಗ್ಲಾಸ್ ಏರಿಸಿ ಎಸಿ ಹಾಕ್ತಾರ. ಬರುವಾಗ ಸಂಜಿ ಗಾಳಿ ಛಲೋ ಇರ್ತದ, ಇಳಸ್ತೇವಿ.”

“ಡಾಕ್ಟ್ರ, ನಿಮಗೇನೂ ಆಗಂಗಿಲ್ರಿ?”

“ನನಗೇನಿಲ್ಲ. ಊಟ ಆದಮ್ಯಾಲೆ ಸ್ವಲ್ಪ ಜೊಂಪು ಹತ್ತಿದ್ಹಂಗ ಆಗ್ತದ, ಅಷ್ಟಽ.”

“ಹೋಗುವಾಗ ಊಟ ಎಲ್ಲಿ ಆಗಿರ್ತದ?” ಎಂದರು ವತ್ಸಲಾ. “ಉಣ್ಣೋದು ಅಲ್ಲಿ ಹೋದ ಮ್ಯಾಲೆ. ಆವತ್ತು ತಿಳವಳ್ಳಿ ದಾಟಿ ನಿಮಗ ಜೊಂಪು ಹತ್ತಿ ಗಾಡಿ ರಸ್ತೆ ಬಿಟ್ಟು ಹೊಲದ ಬದುವಿಗೆ ಇಳೀತಲ್ಲ, ಆಗ ನಿಮ್ಮದು ಇನ್ನೂ ಊಟ ಆಗಿರ್ಲಿಲ್ಲ.”

ಡಾಕ್ಟರರು ಗಾಡಿಯ ಕಡೆ ನೋಡಿದರು. ಓದಿದವರು. ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ. ಮೆಲ್ಲಗೆ ಕುರ್ಚಿಯ ಮೇಲೆ ಕುಳಿತರು. “ಮಾನಾಕ್ಸೈಡ್?” ಎಂದರು.

“ಖಾತ್ರಿ ಮಾಡ್ಕೊಳ್ಳಾಕ ಬೇಕ್ರಿ” ಎಂದೆ.

ಆಗ ವತ್ಸಲಾ ಅವರು ತಾವು ಬಂದ ನಿಜವಾದ ಕಾರಣ ಹೇಳಿದರು. ಆಚಾರ್ಯರಿಗೆ ಎದೆನೋವು ಕಾಣಿಸಿಕೊಂಡಿತ್ತು. ಬರುವ ವಾರ ಹುಬ್ಬಳ್ಳಿಯಲ್ಲಿ ಹೃದಯದ ತಪಾಸಣೆ. ಅಣ್ಣನನ್ನು ತನ್ನ ಈ ಗಾಡಿಯಲ್ಲೇ, ಪಕ್ಕದ ಸೀಟಿನಲ್ಲೇ ಕೂಡಿಸಿಕೊಂಡು ಹೋಗುವುದಾಗಿ ಡಾಕ್ಟರರು ಹೇಳಿಬಿಟ್ಟಿದ್ದರು. “ನನಗೇನರ ಆಗ್ಲಿ, ನಾ ಗಟ್ಟಿ ಇದ್ದೇನಿ. ಆದ್ರ ಭಾವನವರು ಆ ಸೀಟಿನ್ಯಾಗ ಅಷ್ಟು ದೂರ ಕೂತ್ರ ಹ್ಯಾಂಗ? ಇವರಿಗೆ ಹೇಳಿದ್ರ ಮತ್ತ ತಪ್ಪು ತಿಳೀತಾರ. ಅದಕ್ಕ ಗಾಡಿ ನೋಡೋರಿಗೇ ಹೇಳೋಣು ಅಂತ ಬಂದೆ.”

ಡಾಕ್ಟರರು ಕನ್ನಡಕ ತೆಗೆದು ಒರೆಸುತ್ತ ಕುಳಿತರು.

ನನ್ನ ಹತ್ತಿರ ಹುಬ್ಬಳ್ಳಿಯ ದಿನಗಳಿಂದ ಇಟ್ಟುಕೊಂಡ ಒಂದು ಸಣ್ಣ ಗ್ಯಾಸ್ ಮೀಟರ್ ಇದೆ. ಗಾಳಿಯಲ್ಲಿ ಎಷ್ಟು ಕಾರ್ಬನ್ ಮಾನಾಕ್ಸೈಡ್ ಇದೆಯೆಂದು ತೋರಿಸುತ್ತದೆ, ಹೆಚ್ಚಾದರೆ ಕೂಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಗೆ ಬರುವ ಹೊಗೆಯ ವಾಸನೆಯಾದರೂ ಮೂಗಿಗೆ ಹತ್ತಬೇಕಿತ್ತು, ಆದರೆ ಡಾಕ್ಟರರು ಗಾಡಿಯಲ್ಲಿ ಗಂಧದ ಸುಗಂಧದ ಶೀಶೆ ಇಟ್ಟಿದ್ದರು. ಮೀಟರನ್ನು ಎಡ ಸೀಟಿನ ಮೇಲಿಟ್ಟು ಗ್ಲಾಸ್ ಏರಿಸಿ, ಎಸಿ ಹಾಕಿ, ನಾನೊಬ್ಬಳೇ ಸವಣೂರು ರಸ್ತೆಗೆ ಗಾಡಿ ತಿರುಗಿಸಿದೆ. ಊರು ದಾಟಿ ಸ್ವಲ್ಪ ವೇಗ ಹೆಚ್ಚಿಸಿದ್ದೇ ತಡ, ಸೊನ್ನೆ ಇರಬೇಕಾದ ಅಂಕಿ ಏರತೊಡಗಿತು. ನೂರರ ಹತ್ತಿರ ಬಂದಾಗ ಮೀಟರ್ ಕೂಗಿತು. ಎರಡೂ ಗ್ಲಾಸ್ ಇಳಿಸಿ, ಗಾಡಿ ಪಕ್ಕಕ್ಕೆ ಹಾಕಿ ಇಳಿದು ನಿಂತೆ. ಸುತ್ತ ಬಿಸಿಲು, ಖಾಲಿ ಹೊಲಗಳು. ಈ ಗಾಳಿಯನ್ನು ಉಸಿರಾಡುತ್ತ ಅವರು ಎಷ್ಟು ಭಾನುವಾರ ಹೋಗಿರಬಹುದೆಂದು ನೆನೆಯುತ್ತ, ಗ್ಲಾಸ್ ಇಳಿಸಿಯೇ ಗಾಡಿಯನ್ನು ವಾಪಸು ತಂದೆ.

ಗಾಡಿಯನ್ನು ನಮ್ಮಲ್ಲೇ ಬಿಟ್ಟು ದಂಪತಿ ಹಾನಗಲ್ಲಿಗೆ ಹೊರಟರು. ಆಚಾರ್ಯರನ್ನು ಬಾಡಿಗೆ ಕಾರಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ಯುವುದೆಂದು ಅಲ್ಲೇ ತೀರ್ಮಾನವಾಯಿತು.

ಮರುದಿನ ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ ಸ್ಮೋಕ್ ಟೆಸ್ಟ್ ಮಾಡಿದೆವು. ಅಂದರೆ ಸೈಲೆನ್ಸರಿನ ಕಡೆಯಿಂದ ಪೈಪಿನೊಳಗೆ ಬಿಳಿ ಹೊಗೆ ತುಂಬಿಸಿ, ಅದು ಎಲ್ಲಿಂದ ಹೊರಬರುತ್ತದೆಂದು ನೋಡುವುದು. ಶಾಖ ತಡೆಯುವ ತಗಡು ಬಿಚ್ಚಿದಾಗ ಕಂಡಿತು. ಎಂಜಿನ್ನಿನ ಪೈಪುಗಳೆಲ್ಲ ಒಂದಾಗಿ ಕೂಡುವ ಮ್ಯಾನಿಫೋಲ್ಡ್ ಎಂಬ ಭಾಗದಲ್ಲಿ, ಕನ್ವರ್ಟರಿಗಿಂತ ಮೊದಲೇ, ಕೂದಲೆಳೆಯಂಥ ಬಿರುಕು. ಅಲ್ಲಿಂದ ಒಳನುಗ್ಗಿದ ಗಾಳಿ ಸೆನ್ಸರುಗಳನ್ನು ದಾರಿ ತಪ್ಪಿಸಿತ್ತು. ಹೆಚ್ಚಾಗಿ ಸುರಿದ ಪೆಟ್ರೋಲು ವಿಷವನ್ನು ಹೆಚ್ಚಿಸಿತ್ತು. ಎಂಜಿನ್ನಿಗೆ ಭಾರ ಬಿದ್ದಾಗ ಅದೇ ಬಿರುಕು ಆ ವಿಷವನ್ನು ಹೊರಗೆ ಬಿಡುತ್ತಿತ್ತು. ಕನ್ವರ್ಟರ್ ಪಾಪ ಗಟ್ಟಿಯಾಗಿಯೇ ಇತ್ತು.

ಆದರೆ ವಿಷ ಒಳಗೆ ಬಂದದ್ದು ಹೇಗೆ? ಎಡ ಸೀಟನ್ನು ಬಿಚ್ಚಿ ಕಾರ್ಪೆಟ್ ಎತ್ತಿದೆ. ಹಿಂದಿನ ಮಾಲೀಕರು ಯಾರೋ ದೊಡ್ಡ ಸ್ಪೀಕರ್ ಹಾಕಿಸಿ ಆಮೇಲೆ ತೆಗೆಸಿದ್ದರು. ಅದರ ವೈರಿಗೆಂದು ಎಂಜಿನ್ ಕಡೆಯ ಗೋಡೆಗೆ ಕೊರೆದ ತೂತು ಹಾಗೇ ಉಳಿದಿತ್ತು. ಎಸಿ ಒಳಗಿನ ಗಾಳಿಯನ್ನೇ ತಿರುಗಿಸುವಾಗ ಆ ತೂತಿನಿಂದ ಎಂಜಿನ್ ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ತೂತು ಇದ್ದದ್ದು ಸರಿಯಾಗಿ ವತ್ಸಲಾ ಅವರ ಬೆನ್ನಿನ ಹಿಂದೆ.

ಆ ಮ್ಯಾನಿಫೋಲ್ಡ್ ಹೊಸದು ಎಲ್ಲಿಯೂ ಸಿಗಲಿಲ್ಲ. ಬಿಚ್ಚಿಕೊಂಡು ಸವಣೂರಿನ ಮೌಲಾಸಾಬರ ಹತ್ತಿರ ಹೋದೆ. ಸ್ಟೀಲ್ ಬೆಸುಗೆಯಲ್ಲಿ ಕೈ ಪಳಗಿದವರು. ತಿರುವಿ ತಿರುವಿ ನೋಡಿ, “ಮ್ಯಾಲ ಮ್ಯಾಲ ಬೆಸದ್ರ ಮತ್ತ ಸೀಳ್ತೈತಿ ಬೇಟಿ. ಸೀಳಿನ ಎರಡೂ ತುದಿಗೆ ತೂತು ಹಾಕಿ, ಅದು ಮುಂದ ಹೋಗದ್ಹಂಗ ನಿಲ್ಸಿ, ಆಮ್ಯಾಲ ಬೆಸೀಬೇಕು” ಎಂದರು. ಹಾಗೆಯೇ ಮಾಡಿದೆವು. ಸೈಲೆನ್ಸರನ್ನು ಹಿಡಿದಿರುವ ಕೊಂಡಿಯೊಂದು ಮುರಿದು, ಅದರ ಭಾರವೆಲ್ಲ ಮ್ಯಾನಿಫೋಲ್ಡಿನ ಮೇಲೆ ಬಿದ್ದದ್ದೇ ಬಿರುಕಿಗೆ ಕಾರಣವಾಗಿತ್ತು. ಅದನ್ನೂ ಹೊಸದಾಗಿ ಮಾಡಿಸಿದೆ. ತೂತನ್ನು ಭದ್ರವಾಗಿ ಮುಚ್ಚಿದೆ. ಕೋಡ್ ಅಳಿಸಿ ಮೂರು ದಿನ ನಾನೇ ಓಡಿಸಿದೆ. ದೀಪ ಮತ್ತೆ ಹತ್ತಲಿಲ್ಲ.

ಗಾಡಿ ಒಯ್ಯಲು ಇಬ್ಬರೂ ಬಸ್ಸಿನಲ್ಲಿ ಬಂದರು. ಹುಬ್ಬಳ್ಳಿಯಲ್ಲಿ ಆಚಾರ್ಯರ ರಕ್ತನಾಳದ ಅಡಚಣೆ ತೆಗೆದು ಸ್ಟೆಂಟ್ ಹಾಕಿದ್ದರು. ಇನ್ನು ಚಿಂತೆಯಿಲ್ಲವಂತೆ. “ಅಂಥಾ ಎದಿಗೆ ಈ ಗಾಳಿ ತಡಕೊಳ್ಳಿಕ್ಕೆ ಆಗ್ತಿರ್ಲಿಲ್ಲ ಅಂದ್ರು ಅಲ್ಲಿ ಡಾಕ್ಟ್ರು” ಎಂದು ಶ್ರೀಪಾದ ಅವರು ಹೇಳಿದರು.

ನಾನು ಮೀಟರ್ ತಂದು, “ಅಕ್ಕಾರ, ನೀವು ಕುಂತ್ರಿ. ಒಂದು ಸುತ್ತು ಹೋಗಿ ಬರೋಣು” ಎಂದೆ. ಅವರು ಒಂದು ಕ್ಷಣ ಗಾಡಿಯನ್ನು ನೋಡಿ, ಸೆರಗು ಸುತ್ತಿಕೊಂಡು ಎಡ ಸೀಟಿನಲ್ಲಿ ಕುಳಿತರು. ಗ್ಲಾಸ್ ಏರಿಸಿ ಹತ್ತಿಮತ್ತೂರಿನವರೆಗೆ ಹೋಗಿ ಬಂದೆವು. ಮೀಟರ್ ಅವರ ತೊಡೆಯ ಮೇಲೆ. ಅಂಕಿ ಸೊನ್ನೆ ಬಿಟ್ಟು ಕದಲಲಿಲ್ಲ. ಹೋಗುವಾಗ ಮೀಟರನ್ನೇ ನೋಡುತ್ತಿದ್ದವರು ಬರುವಾಗ ಹೊರಗಿನ ಹೊಲ ನೋಡುತ್ತ, “ಗಾಡಿ ಭಾಳ ಛಂದ ಓಡ್ತದ” ಎಂದರು.

ಹಿಂದಿರುಗಿ ಇಳಿದಾಗ ಡಾಕ್ಟರರು ನಮ್ಮೆಲ್ಲರ ಎದುರಿಗೇ ಹೆಂಡತಿಗೆ ಹೇಳಿದರು: “ನಂದು ತಪ್ಪಾತು. ನೀ ಹೇಳಿದ್ದು ಬ್ಯಾರೆ, ನಾ ಕೇಳಿದ್ದು ಬ್ಯಾರೆ.”

“ಆತು ಬಿಡ್ರಿ. ನಡೀರಿ, ಭಾವನವರಿಗೆ ಗುಳಗಿ ಒಯ್ಯೋದದ” ಎಂದರು ವತ್ಸಲಾ.

ಕೆಲವು ದಿನಗಳ ನಂತರ ಫೋನು ಬಂತು. ಆ ಕಡೆ ನಿಧಾನವಾದ ಮುದಿ ದನಿ. ಗುರುರಾಜ ಆಚಾರ್ಯರು. “ನಿಮ್ಮಿಂದ ಭಾಳ ಉಪಕಾರ ಆತವ್ವಾ” ಎಂದರು. ಉಪಕಾರ ನಿಮ್ಮ ತಮ್ಮನ ಹೆಂಡತಿಯದು ಎಂದೆ. “ಆಕಿಗೆ ಹೇಳೇನಿ. ನಿಮಗೂ ಹೇಳ್ರಿ ಅಂತ ಆಕಿನಽ ಫೋನ್ ಹಚ್ಚಿ ಕೊಟ್ಟಾಳ” ಎಂದು ನಕ್ಕರು.

ಸ್ಕ್ಯಾನರಿಗೆ ನಾನು ಕೃತಜ್ಞಳು. ಅದು ಇಲ್ಲದಿದ್ದರೆ ಗಾಳಿ ನುಗ್ಗುವ ಸುಳಿವು ಸಿಗುತ್ತಿರಲಿಲ್ಲ. ಬಿರುಕು ಹೇಗಿದ್ದರೂ ಸ್ಮೋಕ್ ಟೆಸ್ಟಿನಲ್ಲಿ ಸಿಗುತ್ತಿತ್ತು, ಬೆಸೆದು ಗಾಡಿ ಕಳಿಸಿಬಿಡುತ್ತಿದ್ದೆ. ಸೀಟಿನ ಹಿಂದಿನ ತೂತು ಮಾತ್ರ ಹಾಗೇ ಉಳಿಯುತ್ತಿತ್ತು, ಮುಂದಿನ ಬಿರುಕಿಗೆ ಕಾಯುತ್ತ. ಅದನ್ನು ತೋರಿಸಿಕೊಟ್ಟದ್ದು ಬಿಸಿಲಿನಲ್ಲಿ ನಡೆದು ಬಂದ ಒಬ್ಬ ಹೆಣ್ಣುಮಗಳ ಮಾತು. ಗಾಡಿ ಓಡಿಸುವವನ ಗಮನ ರಸ್ತೆಯ ಮೇಲಿರುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಗಾಡಿಯ ಸದ್ದು, ನಡುಕ, ಬಿಸಿ ಎಲ್ಲ ಮೈಗೆ ತಾಕುತ್ತಿರುತ್ತದೆ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಇದು.

ಈಗ ಯಾವ ಗಾಡಿ ಬಂದರೂ ಓಡಿಸುವವರ ಮಾತು ಮುಗಿದ ಮೇಲೆ ಎಡಗಡೆಯ ಬಾಗಿಲಿಗೆ ಹೋಗಿ, “ನಿಮಗ ಏನ ಅನಸ್ತೈತ್ರಿ?” ಎಂದು ಕೇಳುತ್ತೇನೆ. ಹೆಚ್ಚಿನವರು ಮೊದಲು ಗಂಡನ ಮುಖ ನೋಡುತ್ತಾರೆ. ನನಗೇನು ಗೊತ್ತಾಗ್ತೈತ್ರಿ ಅನ್ನುತ್ತಾರೆ. ನಾನು ಅಲ್ಲಿಯೇ ನಿಂತು ಕಾಯುತ್ತೇನೆ.