ಚಿತ್ತಯ್ಯ ಬಿಟ್ಟ ಗೌಜಲು

ಹುಳಿಯಾರಿನ ಹತ್ತಿರದ ಹಟ್ಟಿಯ ಚಿತ್ತಯ್ಯ ಕುರಿ ಕಾಯುವವನು. ಆದರೆ ಅವನಿಗೆ ಹೆಸರು ತಂದದ್ದು ಕುರಿಯಲ್ಲ, ಗೌಜಲಹಕ್ಕಿ. ಮರಿಯಿಂದ ಸಾಕಿದ ಒಂದು ಗಂಡು ಗೌಜಲನ್ನು ಬಿದಿರಿನ ಗೂಡಿನಲ್ಲಿಟ್ಟು ನಮ್ಮ ತೆಂಗಿನ ತೋಟದ ಬೇಲಿಗೆ ತರುತ್ತಿದ್ದ. ಅದು ಕೂಗಿದರೆ ಸಾಕು, ತಮ್ಮ ಜಾಗಕ್ಕೆ ಯಾರೋ ಬಂದರೆಂದು ಬಯಲಿನ ಗೌಜಲುಗಳು ಜಗಳಕ್ಕೆ ಓಡಿಬಂದು, ಸುತ್ತ ಹೂಡಿದ್ದ ಉರುಳಿಗೆ ಕಾಲು ಕೊಡುತ್ತಿದ್ದವು. ಹೀಗೆ ಹಿಡಿದುಕೊಡುವ ಹಕ್ಕಿಗೇ ದೀವದ ಹಕ್ಕಿ ಎನ್ನುತ್ತಾರೆ. ತನ್ನ ಕುಲದವರನ್ನೇ ಹಿಡಿಸುವ ಅದಕ್ಕೆ ಇವನು ಅಂಗೈಯಲ್ಲಿ ಗೆದ್ದಲು ತಿನ್ನಿಸಿ ಮುದ್ದಿಸುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬೈದರೆ ಹಲ್ಲು ಕಿರಿಯುತ್ತಿದ್ದ.

ಹೋದ ವರ್ಷ ಪಕ್ಕದ ಹಟ್ಟಿಯವನೊಬ್ಬ ಇದೇ ಕೆಲಸಕ್ಕೆ ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿಬಿದ್ದ. ಚಿತ್ತಯ್ಯನ ಹೆಂಡತಿ ಭೈರಮ್ಮ, ಹಕ್ಕಿ ಇರಬೇಕು ಇಲ್ಲ ನಾನಿರಬೇಕು ಎಂದು ಪಟ್ಟು ಹಿಡಿದಳು. ಅವನು ಉರುಳುಗಳನ್ನೆಲ್ಲ ಒಲೆಗೆ ಹಾಕಿ, ಹಕ್ಕಿಯನ್ನು ನಮ್ಮ ಬೇಲಿಯ ಹತ್ತಿರವೇ ಬಿಟ್ಟ. ಎರಡು ಸಲ ಅದು ಅವನ ಕಾಲ ಬಳಿಗೇ ಬಂತು. ಮೂರನೆಯ ಸಲ ಅವನು ಕಲ್ಲು ಬೀಸಿದ.

ಅಲ್ಲಿಂದ ಅವನ ತಲೆ ಕೆಟ್ಟಿತು. ನಾಯಿ, ಮುಂಗುಸಿ, ಮನುಷ್ಯ, ಯಾವುದಕ್ಕೂ ಹೆದರಲು ಕಲಿಯದ ಹಕ್ಕಿ ಬಯಲಿನಲ್ಲಿ ಎಷ್ಟು ದಿನ ಬದುಕೀತು? ದಿನಾ ಬೆಳಗ್ಗೆ ಬಂದು ಬೇಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಬಾಯಲ್ಲೇ ಗೌಜಲಿನಂತೆ ಕೂಗುತ್ತಿದ್ದ. ಆಚೆಯಿಂದ ಉತ್ತರವೂ ಬರುತ್ತಿತ್ತು. ತನ್ನ ಹಕ್ಕಿ ಓಗೊಟ್ಟಿತೋ, ಬೇರೆ ಯಾವುದೋ ಜಗಳಕ್ಕೆ ಕರೆಯಿತೋ ತಿಳಿಯದೆ ಒದ್ದಾಡುತ್ತಿದ್ದ. ಮೂರು ವರ್ಷ ಸಾಕಿದವನಿಗೆ ಗುರುತು ಸಿಗುವುದಿಲ್ಲವೇ ಎಂದು ಕೆಣಕಿದೆ. ಗೂಡಿನಲ್ಲಿ ಇದ್ದದ್ದು ಒಂದೇ, ಗುರುತು ಯಾಕೆ ಇಟ್ಟುಕೊಳ್ಳಲಿ ಎಂದ.

ಕಳೆದ ವಾರ ಅವನ ಕೂಗಿಗೆ ಎರಡು ಗೌಜಲು ಒಟ್ಟಿಗೆ ಹೊರಬಂದವು. ಒಂದೇ ಬಣ್ಣ, ಒಂದೇ ಎತ್ತರ. ಚಿತ್ತಯ್ಯ ಕೈ ಚಾಚಿದ. ಅವನನ್ನು ಕಂಡದ್ದೇ ತಡ, ಎರಡೂ ಪೊದೆಗೆ ನುಗ್ಗಿ ಮಾಯವಾದವು.

"ಎರಡೂ ನಿನ್ನವಲ್ಲ ಬುಡು," ಎಂದೆ. ಮೊದಲ ಸಲ ಅವನ ಮೇಲೆ ಮರುಕ ಹುಟ್ಟಿ, ಸಮಾಧಾನಕ್ಕೆಂದು ಆಡಿದ ಮಾತು ಅದು.

ಅವನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಅಂಗನ್ಬ್ಯಾಡ ಕಣಪ್ಪ. ಅದ್ರಾಗೆ ನಮ್ದು ಇದ್ರೆ, ನನ್ನ ಕಂಡು ಹೆದ್ರೋದು ಕಲ್ತೈತೆ. ಇನ್ನ ಬದುಕ್ತೈತೆ."

ಎದ್ದು ನಾಲ್ಕು ಹೆಜ್ಜೆ ಹೋದವನು ನಿಂತು, ನನ್ನ ಕಡೆ ತಿರುಗಿದ.

"ಅಂಗಾರೆ ನಾಳೆ ನಾನು ಬಂದು ಕೂಗ್ಲಾ, ಬ್ಯಾಡ್ವಾ?"