ಮುದುಕಪ್ಪನ ಜೀಪು ಪರೀಕ್ಷೆ

ಎಂಬತ್ತನೇ ಇಸವಿಯ ಸುಮಾರಿಗೆ ದೇವದುರ್ಗದ ಕಡೆ ಜೀಪು ಕೊಳ್ಳುವವರೆಲ್ಲ ಗಬ್ಬೂರಿನ ಮುದುಕಪ್ಪನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅವನೇನು ಸ್ಟೇರಿಂಗು ಮುಟ್ಟಿದವನಲ್ಲ. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತ ಗಾಡಿಗಳನ್ನು ತನ್ನ ಜೋಡೆತ್ತು ಕಟ್ಟಿ ಎಳೆದೆಳೆದೇ ಅವುಗಳ ಯೋಗ್ಯತೆ ಅರಿತವನು. ರಾಯಚೂರಿನ ಅಂಗಡಿಯವರು ಮೆತ್ತನೆಯ ಸೀಟು, ಥಳಥಳಿಸುವ ಬಂಪರು ತೋರಿಸಿದರೆ, ಎತ್ತಿನ ಗೊರಸು ನೋಡುವವನಂತೆ ಗಾಡಿಯ ಕೆಳಗೆ ತೂರಿ, "ಮೈಮ್ಯಾಲ ಹೊಚ್ಚಿದ ಬಣ್ಣದ ಝೂಲ ಸಾಕ್ರಿ, ಒಳಗಿನ ಎತ್ತು ತೋರಸ್ರಿ" ಎನ್ನುವನು. ಸಿರವಾರದ ಅಕ್ಕಿ ಗಿರಣಿಯ ವಿರೂಪಣ್ಣ ಬಣ್ಣಕ್ಕೆ ಮರುಳಾಗಿ, ಹಿಂದಿನೆರಡು ಗಾಲಿಯಷ್ಟೇ ಎಳೆಯುವ ಪಿಕಪ್ಪೇ ಬೇಕೆಂದು ಕೂತಾಗ, "ಯಜಮಾನ್ರ, ಎರಿ ಹೊಲಕ್ಕ ಒಂದು ಜೋಡಿ ಸಾಲಂಗಿಲ್ರಿ, ಮುಂದೊಂದು ಜೋಡಿ ಹೂಡಬೇಕು. ನಾಕೂ ಗಾಲಿ ಜಗ್ಗೋದು ತಗೋರಿ" ಎಂದು ಹಟ ಹಿಡಿದು, ಕಲ್ಲಿನಂಥ ಸೀಟಿನ, ನಾಲ್ಕೂ ಗಾಲಿ ಎಳೆಯುವ ಪಿಕಪ್ಪನ್ನೇ ಕೊಡಿಸಿದ. ಶ್ರಾವಣದ ಮಳೆಯಲ್ಲಿ ಆ ಪಿಕಪ್ಪು ಹತ್ತು ಚೀಲ ಹೊತ್ತು ಗಬ್ಬೂರಿನ ಹಳ್ಳಕ್ಕಿಳಿದಾಗ, ಹೂತೇ ಹೋಗುತ್ತದೆಂದು ಊರೇ ದಂಡೆಗೆ ಬಂತು. ಮುದುಕಪ್ಪನೂ ಎತ್ತು, ಹಗ್ಗ ಹಿಡಿದು ನಿಂತ. ಡ್ರೈವರು ಇನ್ನೊಂದು ಗೇರು ಎಳೆದ. ಮುಂದಿನ ಗಾಲಿಗಳೂ ಜಗ್ಗತೊಡಗಿ, ಗಾಡಿ ಕೆಸರು ಉಗುಳುತ್ತ ದಡ ಹತ್ತಿಯೇ ಬಿಟ್ಟಿತು. ಜನ ಕೇಕೆ ಹಾಕಿದರು. ಮುದುಕಪ್ಪ ಹಗ್ಗ ಬಿಸಾಕಿ, ಎತ್ತುಗಳ ದಡ್ಡುಗಟ್ಟಿದ ಹೆಗಲು ಸವರಿ, "ಗೆದ್ವಿ ನೋಡ್ರಪಾ! ಮಂದಿ ಗಾಡಿ ಜಗ್ಗೋದು ಇನ್ನ ತಪ್ಪಿತು ನಿಮಗ" ಎಂದ.